ಬಸುರಿ ಹೊಟ್ಟಿ, ಹುಳಿ ಮಜ್ಜಿಗಿ

ನಗು ಬರೂವಂಥಾವು ನಗಬಾರದ ಜಾಗಾದಾಗನ ಆಗ್ತಾವ. ಒಳಗ ಬ್ಯಾನಿ ತಿನ್ನೂ ಹೆಣಮಗಳು, ಹೊರಗ ಕಟ್ಟಿ ಮ್ಯಾಲ ಬೆವರು ಒರಸಿಕೋತ ಕುಂತ ಗಂಡ, ನಡುವ ದೇವರಿಗೆ ಹರಕಿ ಹೊರೂ ಅತ್ತಿ. ಅಂಥಲ್ಲಿ ಯಾರೋ ಒಂದು ಮಾತು ಅಂತಾರ, ನಾ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಕ್ಕ ಓಡ್ತೇನಿ. ಎಷ್ಟು ಸಲ ಓಡೇನೋ ಲೆಕ್ಕಿಲ್ಲ.

ನಾ ಇಳಕಲ್ಲಿನ ಸೂಲಗಿತ್ತಿ. ಮೊದಲನೇ ಪ್ಲೇಗು ಬಂದಾಗ ಊರೆಲ್ಲಾ ಹೊಲದಾಗ ಜೋಪಡಿ ಹಾಕ್ಕೊಂಡಿತ್ತು. ಅಲ್ಲೇ ನನ್ನ ಗಂಡ ಹೋದ. ಮಕ್ಕಳಾಗಿರಲಿಲ್ಲ. ಜೋಪಡಿಯಿಂದ ಮನಿಗೆ ತಿರಗಿ ಬಂದಾವ್ರು ನಾನು, ನಮ್ಮತ್ತಿ ಇಬ್ಬರ. ಆಕಿ ಊರ ಸೂಲಗಿತ್ತಿ. ತನಗ ಬರೂದೆಲ್ಲಾ ನನ್ನ ಕೈಗೆ ಹಾಕಿ, ಎರಡು ವರ್ಷಕ್ಕ ಆಕಿನೂ ಹೋದಳು. ಅಲ್ಲಿಂದ ಮನ್ಯಾಗ ನಾ ಒಬ್ಬಾಕಿನ.

ನಮ್ಮತ್ತಿ ಹೇಳ್ತಿದ್ದಳು: "ಬಸುರಿ ಹೊಟ್ಟಿ ಅಂದ್ರ ಒಂದ ಗ್ವಾಡಿ, ಎರಡು ಮನಿ. ಒಂದರಾಗ ಕೂಸು, ಒಂದರಾಗ ಕರುಳು. ಕರುಳಿನ ಮನ್ಯಾಗ ಜಗಳಾದ್ರ ಕೂಸಿನ ಮನ್ಯಾಗ ನಿದ್ದಿ ಇಲ್ಲ." ಅದಕ್ಕ ನಾ ಬಸುರಿ ನೋಡಾಕ ಹೋದಲ್ಲಿ ಮೊದಲ ಕೂಸಿನ ಸುದ್ದಿ ಕೇಳಂಗಿಲ್ಲ. "ಹೊರಕಡಿ ಸರಿಯಾಗಿ ಆಗತೈತೇನವ್ವಾ?" ಅಂತ ಕೇಳ್ತೇನಿ. ಆಗಂಗಿಲ್ಲ ಅಂದ್ರೂ, ಎದಿ ಉರಿ ಅಂದ್ರೂ, ಹೊಟ್ಟಿ ಉಬ್ಬರ ಅಂದ್ರೂ ನಂದು ಒಂದ ಔಷಧ. ಹುಳಿ ಮಜ್ಜಿಗಿ, ಗಡಿಗಿ ಮೊಸರು, ನೆನೆ ಇಟ್ಟು ಹುಳಿ ಬರಿಸಿದ ಜ್ವಾಳದ ಅಂಬಲಿ.

ಈ ಹುಳಿ ಬೆನ್ನು ಹತ್ತಿ ಹೋಗಿ ನಾ ಕಂಡದ್ದು ಒಂದಿಷ್ಟು ಹೇಳ್ತೇನಿ. ಒಬ್ಬಾಕಿನ ನಕ್ಕು ನಕ್ಕು ಇವು ಸವದಾವ. ಇನ್ನೊಬ್ಬರು ನಕ್ಕರ ಹೊಸಾವು ಆದಾವು.

೧. ಕೂಸಿಗೆ ಥಂಡಿ

ಹುನಗುಂದದ ಕಚೇರ್ಯಾಗ ಒಬ್ಬರು ಕಾರಕೂನರಿದ್ದರು. ಅವರ ಸೊಸಿಗೆ ಆರು ತಿಂಗಳು. ಚೈತ್ರದ ಬಿಸಲಿಗೆ ಕಲ್ಲಿನ ಮನಿ ಹಂಚಿನಂಗ ಕಾದಿತ್ತು. ಹುಡುಗಿಗೆ ನಾಕು ದಿನದಿಂದ ಹೊರಕಡಿ ಆಗಿರಲಿಲ್ಲ, ಎದಿ ಉರಿ ಬ್ಯಾರೆ. ನೋಡಿ ಹೇಳಿದೆ: "ದಿನಾ ಮೂರು ಹೊತ್ತು ಮಜ್ಜಿಗಿ ಕೊಡ್ರಿ. ಉಪ್ಪು, ಜೀರಗಿ ಹಾಕ್ರಿ."

ಕಾರಕೂನರ ಹೆಂಡತಿ, ಅಂದ್ರ ಹುಡುಗಿ ಅತ್ತಿ, ಎದಿ ಮ್ಯಾಲ ಕೈ ಇಟ್ಟುಕೊಂಡಳು. "ಮಜ್ಜಿಗಿ ಥಂಡಿ ಅಲ್ಲೇನ? ಕೂಸಿಗೆ ನೆಗಡಿ ಹತ್ತೂದಿಲ್ಲೇನ?"

"ಕೂಸಿನ ಮೂಗಿಗೆ ಇನ್ನೂ ಗಾಳೀನ ತಾಗಿಲ್ಲರಿ ಅವ್ವಾರ. ನೆಗಡಿ ಎಲ್ಲಿಂದ ಬರಬೇಕು?"

"ನೀ ಏನರ ಹೇಳು. ನಮ್ಮತ್ತಿ ಬಸುರಿದ್ದಾಗ ಮಜ್ಜಿಗಿ ಕುಡದಿದ್ಲಂತ. ನಮ್ಮನಿಯವರಿಗೆ ಹುಟ್ಟಿದಾಗಿಂದ ನೆಗಡಿ ಬಿಟ್ಟಿಲ್ಲ."

ಅದ ಹೊತ್ತಿಗೆ ಪಡಸಾಲ್ಯಾಗ ಕಾರಕೂನರು ಮನಿ ನಡುಗೂ ಹಂಗ ಸೀನಿದರು. ಆದ್ರೂ ನಾ ಬಿಡಲಿಲ್ಲ. ಕಾಲು ಹಿಡಿಯೂದೊಂದು ಬಾಕಿ, ಅಷ್ಟು ಹೇಳಿಕೊಂಡೆ. "ಆತು, ನಿನ್ನ ಮಾತಿನ ಮ್ಯಾಲ ಕೊಡ್ತೇನಿ" ಅಂದಳು.

ಎಂಟು ದಿನ ಬಿಟ್ಟು ಮತ್ತ ಹೋದೆ. ಹುಡುಗಿ ಮೂಲ್ಯಾಗ ಕುಂತಿದ್ದಳು. ಮಾರಿ ಕೆಂಪಗ, ಬೆವರು ಧಾರಾಕಾರ. ಹೊಟ್ಟಿಗೆ ದಪ್ಪನ ಕಂಬಳಿ ಸುತ್ತಿ, ಅದರ ಮ್ಯಾಲ ಒಂದು ಕೌದಿ ಕಟ್ಟಿದ್ದರು.

"ಏನಿದು ಅವತಾರ?"

ಹುಡುಗಿ ಪಿಸಿಪಿಸಿ ಅಂದಳು: "ನಾ ಮಜ್ಜಿಗಿ ಕುಡದ ಕೂಡಲೆ ಅತ್ತ್ಯಾರು ಕೂಸಿಗೆ ಹೊಚ್ಚತಾರ."

"ಹೊಟ್ಟಿ ಹೆಂಗೈತಿ?"

"ಹೊಟ್ಟಿ ಹಗುರಾಗೇತಿ. ನಾನ ಬೇಯಾಕ್ಹತ್ತೇನಿ."

ಅತ್ತಿನ್ನ ಕರದು ಸಿಟ್ಟಿಲೇ ಹೇಳಿದೆ: "ಅವ್ವಾರ, ಹುಡುಗಿ ಬೆಂದು ಹೊಂಟಾಳ, ಇದನ್ನ ತಗೀರಿ."

ಆಕಿ ಸೊಸಿ ಹಣಿ ಮುಟ್ಟಿ ನೋಡಿದಳು. ಖರೇನ ಗಾಬರ್ಯಾದಳು. ಒಳಗ ತಿರಗಿ ಕೂಗಿದಳು: "ಆಕಿಗೆ ಇನ್ನೊಂದು ವಾಟಗಾ ಮಜ್ಜಿಗಿ ತರ್ರಿ! ಕೂಸಿಗೆ ಇನ್ನೊಂದು ಕೌದಿ ತರ್ರಿ!"

೨. ಬಣ್ಣಗಾರನ ಕಿವಿ

ನಮ್ಮೂರಾಗ ಸೀರಿ ನೂಲಿಗೆ ಬಣ್ಣ ಹಾಕಾವ ಒಬ್ಬಾವ ಇದ್ದ. ನೀಲಿ ಬಣ್ಣದ ಗಡಿಗಿ ನೆಲದಾಗ ಹುಗದು, ದಿನಗಟ್ಟಲೆ ಹುಳಿ ಬರಿಸಿ, ಹದ ನೋಡಿ ನೂಲು ಅದ್ದೂದು ಅವನ ಕಸಬು. ಕೈ ಮೊಳಕೈತನಕ ನೀಲಿ. ಗಡಿಗಿ ಬಾಯಿಗೆ ಕಿವಿ ಹಚ್ಚಿ, ಒಳಗಿನ ಸಪ್ಪಳ ಕೇಳಿ "ಇಂದ ಅಲ್ಲ, ನಾಳೆ" ಅನ್ನಾವ. ಅವನ ಮಾತು ಯಾವತ್ತೂ ತಪ್ಪಿದ್ದಿಲ್ಲಂತ.

ಅವನ ಹೆಂಡತಿಗೆ ಚೊಚ್ಚಲ ಬಸುರು, ಏಳು ತಿಂಗಳು. ಹೊಟ್ಟಿ ಉಬ್ಬರ, ಉಂಡದ್ದು ಗಂಟಲದಾಗ ನಿಂದ್ರತಿತ್ತು. ನಾ ಜ್ವಾಳದ ಹಿಟ್ಟು ಮಜ್ಜಿಗ್ಯಾಗ ಕಲಸಿ ಗಡಿಗ್ಯಾಗ ಇಟ್ಟು, "ನಾಳೆ ಹುಳಿ ಬರತೈತಿ, ಅಂಬಲಿ ಕಾಸಿ ಕುಡಸು" ಅಂತ ಹೇಳಿ ಬಂದೆ. ಮರದಿನ ಹೋಗಿ ನೋಡಿದ್ರ ಅಂಬಲಿ ಕಾಸಿಲ್ಲ. ಬಣ್ಣಗಾರ ಗಡಿಗಿ ಮುಂದ ಮಣಕಾಲೂರಿ ಕಿವಿ ಹಚ್ಚಿ ಕುಂತಾನ.

"ಯಾಕೋ, ಕಾಸಿಲ್ಲ?"

ಬಾಯಿ ಮ್ಯಾಲ ಬೊಟ್ಟಿಟ್ಟು "ಶ್!" ಅಂದ. ಆಮ್ಯಾಲ ಹೇಳಿದ: "ಇನ್ನೂ ಕಚ್ಚಾ ಐತಿ ಸೂಲಗಿತ್ತೆವ್ವ. ಸಂಜಿಗೆ ಹದಕ್ಕ ಬರತೈತಿ."

ಇಷ್ಟು ವರ್ಷ ಅಂಬಲಿ ಮಾಡಿದ ನನಗ ಅಂವ ಹೇಳಿಕೊಟ್ಟ! ಸಿಟ್ಟು ಬಂತು. ಆದ್ರ ಸಂಜಿಕ ಬಂದು ಉಂಡು ನೋಡಿದೆ. ಸುಳ್ಳ್ಯಾಕ ಹೇಳಲಿ, ಅಂಥಾ ಅಂಬಲಿ ನಾ ಜನ್ಮದಾಗ ಉಂಡಿದ್ದಿಲ್ಲ. ಎರಡು ಸಲ ನೀಡಿಸಿಕೊಂಡೆ. ನನ್ನ ಮನ್ಯಾಗ ಒಬ್ಬಾಕಿಗಂತ ಗಡಿಗಿ ಯಾರು ಇಡಬೇಕು?

ಹದಿನೈದು ದಿನದಾಗ ಆಕಿ ಹೊಟ್ಟಿ ತಿಳಿ ಆತು. ಅಂವ ಅಷ್ಟಕ್ಕ ಬಿಡಲಿಲ್ಲ. ದಿನಾ ಮುಂಜಾನೆ ಹೆಂಡತಿ ಹೊಟ್ಟಿಗೂ ಕಿವಿ ಹಚ್ಚಿ, ಹೊರಗ ಬಂದು ಓಣಿ ಮಂದಿಗೆ ವರದಿ ಕೊಡಾಂವ: "ಗುಳುಗುಳು ಅಂತೈತಿ, ಚಲೋ ನಡದೈತಿ." ಹೆಂಡತಿ ನಾಚಿ ನೀರಿಗೆ ಹೋಗೂದು ಬಿಟ್ಟಳು.

ಹಡದಳು. ಹೆಣ್ಣುಕೂಸು, ಎಣ್ಣಿ ಹಚ್ಚಿದಂಗ ಮಿಂಚತಿತ್ತು. ಹೊರಗ ತಂದು ತೋರಿಸಿದೆ. ಗಂಡೋ ಹೆಣ್ಣೋ ಕೇಳಲಿಲ್ಲ ಅಂವ. ಬೆಳಕಿಗೆ ಹಿಡದು, ಅತ್ತ ಇತ್ತ ಹೊಳ್ಳಿಸಿ ನೋಡಿ ಕೇಳಿದ:

"ಬಣ್ಣ ಚಲೋ ಕುಂತೈತಿ ಯವ್ವಾ. ನೀರು ಎರದ ಮ್ಯಾಲ ಬಿಡಂಗಿಲ್ಲಲ್ಲ?"

೩. ಸಾಕು ಅನ್ನೂತನಕ

ಬದಾಮಿ ಹತ್ತರ ಚೊಳಚಗುಡ್ಡದಾಗ ಒಬ್ಬಾವ ಸಾಲಿ ಮಾಸ್ತರ. ಲಗ್ನಾಗಿ ಎರಡು ವರ್ಷ, ಹೆಂಡತಿಗೆ ಐದನೇ ತಿಂಗಳು. ಹುಡುಗಿ ತವರುಮನಿ ನಮ್ಮೂರು, ಅದಕ್ಕ ಗಾಡಿ ಕಳಿಸಿ ನನ್ನನ್ನ ಕರಸಿದ್ದರು. ಅಲ್ಲಿ ಬನಶಂಕರಿ ಗುಡಿ ಮುಂದ ಹೆಣಮಕ್ಕಳು ಮಣ್ಣಿನ ಕುಡಿಕ್ಯಾಗ ಮೊಸರು ಮಾರಾಕ ಕುಂತಿರತಾರ. ಗಟ್ಟಿ ಅಂದ್ರ ಕುಡಿಕಿ ಬೋರಲು ಹಾಕಿದ್ರೂ ಬೀಳಬಾರದು. ಅಂಥಾ ಊರಾಗಿದ್ದೂ ಹುಡುಗಿಗೆ ಮಲಬದ್ಧ. ನನಗ ನಗು ಬಂತು.

ಮಾಸ್ತರ ಭಾಳ ಶಿಸ್ತಿನಾವ. ಪಾಟಿ ಹಿಡಕೊಂಡು ಬಂದು ಕೇಳಿದ: "ಮಜ್ಜಿಗಿ ಎಷ್ಟು ಕುಡಸಬೇಕ್ರಿ?"

"ಆಕಿ ಸಾಕು ಅನ್ನೂತನಕ ಕುಡಸಪ್ಪಾ."

ಅಂವ ಪಾಟಿ ಮ್ಯಾಲ ಬರಕೊಂಡ. ಮನ್ಯಾಗಿನ ಎಮ್ಮಿ ಮಜ್ಜಿಗಿ ಕೊಡದ ತುಂಬ ಇತ್ತು. ಪಡಸಾಲ್ಯಾಗ ಹೆಂಡತಿನ್ನ ಕುಂಡ್ರಿಸಿ ಶುರು ಮಾಡಿದ. ಎದುರಿಗೆ ಮಾಸ್ತರನ ಅಪ್ಪ, ಅವ್ವ, ಸ್ವಾದರಮಾವ. ಆಗಿನ ಕಾಲ ನಿಮಗ ಗೊತ್ತೈತಲ್ಲ, ಹಿರ್ಯಾರ ಮುಂದ ಹೆಂಡತಿ ಗಂಡನ ಕೂಡ ಒಂದಕ್ಷರ ಮಾತಾಡಂಗಿಲ್ಲ. ಆ ಹುಡುಗಿ ಹೆಂಗ ಸಾಕು ಅನಬೇಕು? ಅಂವ ಹಾಕ್ತಾನ, ಆಕಿ ತಲಿ ಬಗ್ಗಿಸಿ ಕುಡೀತಾಳ. ಮತ್ತ ಹಾಕ್ತಾನ, ಮತ್ತ ಕುಡೀತಾಳ. ಕಣ್ಣಾಗ ನೀರು ಬಂದಾವು, ಮಾತು ಬರವಲ್ದು. ಕಡೀಕ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಕ್ಕ ಓಡಿದಳು. ಮಲಬದ್ಧ ಅನ್ನೂದು ಆವತ್ತ ಮುಗೀತು.

ಸಂಜಿಕ ಮಾಸ್ತರ ಖಾಲಿ ಕೊಡ ತಂದು ನನ್ನ ಮುಂದ ಇಟ್ಟ. "ನೀವು ಹೇಳಿದಂಗ ಮಾಡೇನ್ರಿ. ಆಕಿ ಸಾಕು ಅನ್ನಲಿಲ್ಲ. ಎಮ್ಮೀನ ಸಾಕು ಅಂತು."

೪. ದುರ್ಬೀನಿನ್ಯಾಗ ಮೊಸರು

ಬಾಗಲಕೋಟ್ಯಾಗ ಒಂದು ದೊಡ್ಡ ಮನಿತನ. ಮಡಿ ಅಂದ್ರ ಮಡಿ. ಅಲ್ಲಿ ಮುದುಕಿ ಕಟ್ಟಿಗಿ ತೊಳದು ಒಲಿಗೆ ಹಾಕಾಕಿ. ಸೊಸಿಗೆ ಎಂಟು ತಿಂಗಳು, ಹೊಟ್ಟಿ ಕೆಟ್ಟು ಸೊರಗಿದ್ದಳು. ನನ್ನನ್ನ ಕರಸಿ ಹಿತ್ತಲ ಕಟ್ಟಿ ಮ್ಯಾಲ ಕುಂಡ್ರಿಸಿ ಕೇಳಿದರು. ನಾ ಎಂದಿನಂಗ ಮೊಸರು ಹೇಳಿದೆ. ಆದ್ರ ಮಗ ನಾಕು ಅಕ್ಷರ ಕಲತಾವ. ದವಾಖಾನಿ ಡಾಕ್ಟರು ಹೂಂ ಅಂದ್ರ ಮಾತ್ರ ಅಂದ. ಸರಿ, ಮುದುಕಿ, ಸೊಸಿ, ನಾ, ಮೂವರೂ ದವಾಖಾನಿಗೆ ಹೋದೆವು.

ಡಾಕ್ಟರು ಮುಂಬೈ ಕಡಿಯಾವ್ರು, ಮರಾಠಿ ಕೂಡಿಸಿ ಕನ್ನಡ ಮಾತಾಡಾವ್ರು. ಬೈತಾರೇನೋ ಅಂತ ನಾ ಅಂಜಿಕೊಂಡು ಬಾಗಲದಾಗ ನಿಂತಿದ್ದೆ. ನಾ ಮೊಸರು ಅಂದ ಕೂಡಲೆ ಅವರು ಕುಂತಲ್ಲಿಂದ ಎದ್ದರು. "ಸೂಲಗಿತ್ತಿ ಬಾಯಿ, ನೀ ಖರೆ ಹೇಳಿದಿ! ಪರದೇಶದಾಗ ಒಬ್ಬ ದೊಡ್ಡ ಪಂಡಿತ ಇದನ್ನ ಹೇಳ್ಯಾನ. ಮೊಸರಿನ್ಯಾಗ ಸಣ್ಣ ಸಣ್ಣ ಜೀವ ಇರತಾವ. ಒಳ್ಳೆ ಜೀವ. ಹೊಟ್ಟ್ಯಾಗಿನ ಕೆಟ್ಟ ಜೀವದ ಕೂಡ ಬಡದಾಡತಾವ."

ನಮ್ಮತ್ತಿಗೆ ಆ ಪಂಡಿತನ ಹೆಸರು ಗೊತ್ತಿರಲಿಲ್ಲ. ಆ ಪಂಡಿತಗ ನಮ್ಮತ್ತಿ ಹೆಸರೂ ಗೊತ್ತಿರಲಿಲ್ಲ. ಇಬ್ಬರೂ ಒಂದ ಮಾತು ಹೇಳ್ಯಾರಲ್ಲ ಅಂತ ನನಗ ಕಣ್ಣು ತುಂಬಿ ಬಂದಾವು. ಆಕಿ ಇದ್ದಿದ್ದರ ಅವತ್ತ ಓಡಿ ಹೋಗಿ ಹೇಳ್ತಿದ್ದೆ.

ಮುದುಕಿ ಮಾತ್ರ ಹೌಹಾರಿದಳು. "ಜೀವ? ಮೊಸರಿನ್ಯಾಗ? ನಾವು ಎಂದೂ ಮಾಂಸಾ ಮುಟ್ಟಿದವರಲ್ಲ!"

ಡಾಕ್ಟರಿಗೆ ಹುರುಪು ಬಂತು. ಸಣ್ಣದನ್ನ ದೊಡ್ಡದು ಮಾಡಿ ತೋರಿಸೂ, ತಾವು ತರಿಸಿದ್ದ ದುರ್ಬೀನು ಮೇಜಿನ ಮ್ಯಾಲ ಇಟ್ಟು, ಗಾಜಿಗೆ ಒಂದು ಹನಿ ಮೊಸರು ಹಚ್ಚಿ "ಬರ್ರಿ, ನೋಡ್ರಿ" ಅಂದರು. ಮುದುಕಿ ಮೈಲಿಗಿ ಆಗಬಾರದಂತ ಸೆರಗು ಕಣ್ಣಿಗೆ ಅಡ್ಡ ಹಿಡಕೊಂಡು ನೋಡಿದಳು.

"ಏನ್ ಕಾಣ್ತದ್ರಿ?"

"ನನ್ನ ಸೆರಗು."

ಮೂರು ಸಲ ಹೇಳಿದ ಮ್ಯಾಲ ಸೆರಗು ತಗದು ನೋಡಿದಳು. ಭಾಳ ಹೊತ್ತು ನೋಡಿದಳು. ನಾನೂ ನೋಡಿದೆ. ಸಣ್ಣ ಸಣ್ಣ ಕಡ್ಡಿ ಹಂಗ, ಮಿಸುಕಾಡಿದಂಗ. ಒಂದಲ್ಲ ಎರಡಲ್ಲ, ಸಂತಿ ನೆರದಂಗ. ಇಷ್ಟು ಮಂದಿ ಜೋಡಿ ನಾ ದಿನಾ ಊಟ ಮಾಡ್ತೇನಿ, ಗೊತ್ತ ಇರಲಿಲ್ಲಲ್ಲ ಅನಿಸ್ತು.

ಮುದುಕಿ ಸೊಸಿ ಮಾರಿ ನೋಡಿದಳು, ಸೊಸಿ ಹೊಟ್ಟಿ ನೋಡಿದಳು. ಬ್ಯಾಡ ಅಂತಾಳ, ಮುಗೀತು, ಈ ಹುಡುಗಿ ಹಿಂಗ ಸೊರಗಿ ಹೋಗ್ತಾಳ ಅಂತ ನಾ ಅಂದುಕೊಂಡೆ. ಮುದುಕಿ ನಿಟ್ಟುಸಿರು ಬಿಟ್ಟಳು. "ಆಗಲಿ. ಮೊಮ್ಮಗನ ಸಲುವಾಗಿ ನುಂಗಲಿ. ಖರೆ ಒಂದು ಮಾತು. ಏಕಾದಶಿ ದಿನಾ ಸೊಸಿಗೆ ಉಪವಾಸ ಬ್ಯಾಡ, ಬಸುರಿದ್ದಾಳ. ಈ ಜೀವಕ್ಕೇನು ಧಾಡಿ? ಇವು ಮಾಡಲಿ."

೫. ಸೂಲಗಿತ್ತಿನ್ನ ಕರಸ್ರಿ

ಇದು ನಂದ. ಇಷ್ಟು ದಿನ ಯಾರ ಮುಂದೂ ಹೇಳಿದ್ದಿಲ್ಲ.

ನನಗಾಗ ನಲವತ್ತರ ಹತ್ತರ. ನನ್ನ ಎಮ್ಮಿ ಬತ್ತಿತ್ತು, ಮನ್ಯಾಗ ಹನಿ ಮಜ್ಜಿಗಿ ಇರಲಿಲ್ಲ. ಮಂದಿ ಮನ್ಯಾಗೆಲ್ಲಾ ಬುದ್ಧಿ ಹೇಳಿ ಬರಾಕಿ, ನನ್ನ ಮನ್ಯಾಗ ಮೂರು ದಿನದ ಕಟಕ ರೊಟ್ಟಿ, ಖಾರ ತಿಂದು ಮಲಗ್ತಿದ್ದೆ. ಒಬ್ಬಾಕಿಗೆ ಒಲಿ ಹಚ್ಚೂದು ಬ್ಯಾಸರ. ಹಿಂಗ ಎರಡು ತಿಂಗಳಾತು. ಹೊಟ್ಟಿ ಉಬ್ಬಿ ಗಡಿಗಿ ಆತು. ಒಂದು ದಿನ ಬಾವ್ಯಾಗ ನೀರು ಸೇದೂಮುಂದ ವಾಂತಿ ಬಂತು. ಬಾಯಿ ಕೆಟ್ಟಿತ್ತು, ಅಲ್ಲೇ ಗಿಡದ ಹುಣಸಿಕಾಯಿ ಕಿತ್ತು ಚೀಪಿದೆ. ನೀರಿಗೆ ಬಂದ ಹೆಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದರು.

ಮರದಿನ ಬಾಜು ಮನಿ ನೇಕಾರಾಕಿ ಗ್ವಾಡಿ ಮ್ಯಾಲಿಂದ ಒಂದು ಗಡಿಗಿ ಮೊಸರು ಇಳಿಸಿದಳು. ಆಕೀದು ಎರಡು ಬಾಣಂತನ ನಾನ ಮಾಡಿದ್ದೆ. "ಉಂಡಿಯೇನ ಅಕ್ಕಾ?" ಅಂತ ಕೇಳಿದಳು.

ನಾ ಗಡಿಗಿ ಎರಡೂ ಕೈಲೇ ಹಿಡಕೊಂಡೆ. ಆ ಮಾತು ನನ್ನ ಯಾರೂ ಕೇಳದ ಎಷ್ಟು ವರ್ಷಾಗಿತ್ತೋ!

"ಯಾರಿಗೂ ಹೇಳಂಗಿಲ್ಲ ನಾ," ಅಂದಳು ಸಣ್ಣ ದನಿಲೇ. "ನೀ ಚಂದಂಗ ಉಣ್ಣು. ಈಗ ನೀ ಒಬ್ಬಾಕಿ ಅಲ್ಲ."

ಆಗ ತಿಳೀತು. "ಹುಚ್ಚಿ, ಇದು ವಾಯು" ಅಂತ ಅವತ್ತ ಹೇಳಬೇಕಿತ್ತು. ಹೇಳಲಿಲ್ಲ. ಸಂಜಿಕ ಬಿಸಿ ರೊಟ್ಟಿ ಬಂತು. ಮರದಿನ ಮಜ್ಜಿಗಿ. ಅದರ ಮರದಿನ ಆಕಿ ತಾನ ಬಂದು ಕಾಲು ಒತ್ತಿದಳು. "ನೀ ಎಷ್ಟು ಮಂದಿ ಕಾಲು ಒತ್ತೀದಿ" ಅಂದಳು. ನಾ ಕಣ್ಣು ಮುಚ್ಚಿಕೊಂಡು ಕುಂತೆ. ನಾಳೆ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ ನಾಕು ದಿನ ಕಳದೆ.

ಐದನೇ ದಿನ ಓಣಿ ಹಿರ್ಯಾರು ಐದು ಮಂದಿ ಬಂದು ನನ್ನ ಕಟ್ಟಿ ಮ್ಯಾಲ ಕುಂತರು.

ಆಗ ಅಂಜಿಕಿ ಬಂತು. ಬಸುರಾದ ರಂಡಮುಂಡಿ ಒಬ್ಬಾಕಿನ್ನ ಊರ ಹೊರಗ ಹಾಕಿದ್ದು ನಾ ಕಂಡಿದ್ದೆ. ಆಕಿ ಬಾಣಂತನ ಹೊಲದ ಗುಡಸಲದಾಗ ನಾನ ಮಾಡಿದ್ದೆ. ಬಾವಿ ನೀರು ಬಂದ್ ಆದ್ರ, ಮನಿಗೆ ಕರಿಯೂದು ಬಂದ್ ಆದ್ರ, ನಾ ಎಲ್ಲಿಗೆ ಹೋಗಲಿ?

ಹಿರ್ಯಾರ ಪೈಕಿ ದೊಡ್ಡಾವ್ರು ಗಂಟಲ ಸರಿಮಾಡಿಕೊಂಡರು. "ನೋಡವ್ವಾ, ಮಂದಿ ಒಂದು ಮಾತು ಆಡಾಕ್ಹತ್ಯಾರ."

"ಏನ್ ಮಾತ್ರಿ?"

ಒಬ್ಬರು ಮ್ಯಾಲ ತೊಲಿ ಎಣಿಸಾಕ್ಹತ್ತಿದರು. ಒಬ್ಬರು ಮೀಸಿ ತಿರುವಿದರು. ಕಡೀಕ ದೊಡ್ಡಾವ್ರ ಅಂದರು: "ನಿನಗ ಹುಳಿ ಸೇರಾಕ್ಹತ್ತೈತಂತ."

"ಅದು ವಾಯು ರೀ," ಅಂದೆ.

"ವಾಯು ಅಂತ ನೀ ಅಂತಿ. ಮಂದಿ ಬ್ಯಾರೆ ಅಂತಾರ. ನಾವು ಗಂಡಸರು ಇದನ್ನ ಹೆಂಗ ತೀರ್ಮಾನ ಮಾಡೂದು? ತಿಳದ ಹೆಣಮಗಳು ಕೈ ಹಚ್ಚಿ ನೋಡಿ ಹೇಳಬೇಕು." ಪಂಚರ ಕಡೆ ತಿರಗಿದರು. "ಸೂಲಗಿತ್ತಿನ್ನ ಕರಸ್ರಿ."

ಎಲ್ಲಾರೂ ಗೋಣು ಹಾಕಿದರು. ಯಾರೂ ಏಳಲಿಲ್ಲ. ಆಮ್ಯಾಲ ಮೀಸಿಯಾವ್ರು ಮೆಲ್ಲಕ ಅಂದರು: "ಸೂಲಗಿತ್ತಿ ಈಕಿನ ಅದಾಳಲ್ರಿ."

"ಮತ್ತೊಬ್ಬಾಕಿ?"

"ಹುನಗುಂದದಾಗ ಇದ್ದಳು. ಹ್ವಾದ ವರ್ಷ ಸತ್ತಳು."

ದೊಡ್ಡಾವ್ರು ಕಣ್ಣು ಮುಚ್ಚಿ ವಿಚಾರ ಮಾಡಿದರು. "ಈ ಸೂಲಗಿತ್ತಿ ಹೇಳಿದ್ದು ಎಂದಾದ್ರೂ ಸುಳ್ಳಾಗೇತೇನು?"

"ಇಲ್ರಿ. ನಮ್ಮ ಮನ್ಯಾಗ ಅವಳಿ ಅಂದಿದ್ದಳು, ಅವಳೀನ ಆದವು."

"ಹಂಗಾದ್ರ ಈಕಿನ ನೋಡಿ ಹೇಳ್ಲಿ. ಹೋಗವ್ವಾ, ಒಳಗ ಹೋಗಿ ನೋಡಿ ಬಾ. ಪಕ್ಷಪಾತ ಮಾಡಬ್ಯಾಡ."

ನಾ ಒಳಗ ಹೋಗಿ ಒಲಿ ಮುಂದ ಕುಂತೆ. ಮಂದಿ ಹೊಟ್ಟಿ ಮುಟ್ಟಿದ ಕೈ ಮೊದಲನೇ ಸಲ ನನ್ನ ಹೊಟ್ಟಿ ಮ್ಯಾಲ ಇಟ್ಟೆ. ಮ್ಯಾಲ ಒತ್ತಿದೆ, ಕೆಳಗ ಒತ್ತಿದೆ, ಬಾಜು ಹಿಡದು ನೋಡಿದೆ. ಯಾರೂ ಇರಲಿಲ್ಲ. ಇರಂಗಿಲ್ಲ ಅಂತ ನನಗ ಗೊತ್ತಿತ್ತು. ಆದ್ರೂ ಒಂದು ಗಳಿಗಿ ಕೈ ತಗೀಲಿಲ್ಲ. ಮೂಲ್ಯಾಗ ನೇಕಾರಾಕಿ ಕೊಟ್ಟ ಮಜ್ಜಿಗಿ ಇತ್ತು. ತಂಬಿಗಿ ಎತ್ತಿ ಗಟಗಟ ಕುಡದೆ.

ಎರಡು ತಿಂಗಳಿಂದ ಒಳಗ ಕಟ್ಟಿಕೊಂಡು ಕುಂತದ್ದು ಆಗ ಏಳಬೇಕೆ! ಒಂದು ತೇಗು ಬಂತು ನೋಡ್ರಿ. ಗ್ವಾಡಿ ಮ್ಯಾಲಿನ ಗುಬ್ಬಿ ಹಾರಿ ಹೋದವು. ಬಾಜು ಮನ್ಯಾಗ ಮಗ್ಗದ ಸಪ್ಪಳ ನಿಂತಿತು.

ಸೆರಗು ಸರಿ ಮಾಡಿಕೊಂಡು ಹೊರಗ ಬಂದೆ. ಐದೂ ಮಂದಿ ನೆಟ್ಟಗ ಕುಂತಿದ್ದರು. ದೊಡ್ಡಾವ್ರು ಕೇಳಿದರು: "ಏನಂದಳು ಸೂಲಗಿತ್ತಿ?"

"ವಾಯು ಅಂದಳ್ರಿ."

"ಹೌದು," ಅಂದರು ಅವರು. "ನಮಗೂ ಕೇಳಿಸ್ತು."

ಆ ಮಾತಿಗೆ ಮೀಸಿಯಾವ್ರು ಮೊದಲ ಬಿದ್ದು ಬಿದ್ದು ನಕ್ಕರು. ಆಮ್ಯಾಲ ಎಲ್ಲಾರೂ. ಗ್ವಾಡಿ ಆಚೆ ನೇಕಾರಾಕಿ ನಗೂದೂ ಕೇಳಿಸ್ತು. ನಾ ಹಿತ್ತಲಕ್ಕ ಓಡಲಿಲ್ಲ. ಅಲ್ಲೇ ಅವರ ನಡುವ ನಿಂತು ಕಣ್ಣಾಗ ನೀರು ಬರೂತನಕ ನಕ್ಕೆ. ಉಳಿದ ಮಜ್ಜಿಗಿ ಅವರಿಗೂ ಕೊಟ್ಟೆ. ನನ್ನ ಮನ್ಯಾಗ ಐದು ವಾಟಗಾ ಒಮ್ಮೆಲೆ ಹೊರಗ ಬಂದದ್ದು ಅವತ್ತ.

ಹೊಂಟು ನಿಂತಾಗ ದೊಡ್ಡಾವ್ರಿಗೆ ತಮ್ಮ ಹಿರೇತನ ನೆನಪಾತು. ಮಾರಿ ಗಂಭೀರ ಮಾಡಿಕೊಂಡು ಅಂದರು: "ಆದ್ರೂ ಪದ್ಧತಿ ಪದ್ಧತೀನ. ಮುಂದಿನ ತಿಂಗಳ ಮತ್ತೊಮ್ಮೆ ಬಂದು ವಿಚಾರಿಸ್ತೇವಿ."

"ಬರ್ರಿ ಯಪ್ಪಾ," ಅಂದೆ. "ಬಸುರಾದ್ರೂ ಬರ್ರಿ, ಆಗದಿದ್ರೂ ಬರ್ರಿ."